ಬ್ಯಾಡಗಿಯೊಳಗ ಒಂದು ಬ್ಯಾಡ

ಹಾವೇರಿಯಿಂದ ಬಂದು ಬಸ್ ಇಳಿದರ
ಊರಿನ ಹೆಸರು ಕಣ್ಣಿಗಿಂತ ಮೊದಲು ಮೂಗಿಗೆ ತಿಳೀತೈತಿ.
ಎರಡು ಸೀನು, ಒಂದು ಕೆಮ್ಮು,
ಆಮ್ಯಾಲೆ ಕೋಲ್ಡ್ ಸ್ಟೋರೇಜಿನ ಆಫೀಸು.

ಕೀಬೋರ್ಡ್ ಬೋರಲು ಮಾಡಿ ಬಡದೆ.
ಕೆಂಪು ಧೂಳು ಉದುರಿತು, ಜೋಡಿ ಒಂದೆರಡು ಬೀಜ.
"ಅದಲ್ರೀ ತ್ರಾಸು," ಅಂದ್ಲು ಇಂದುಮತಿ ಕುಬಸದ,
"ಫೋಲ್ಡರ್ ಒಳಗ ಬಿಡವಲ್ತು."

ಹೊರಗ ಮೂರು ಲಾರಿ.
ಲಾಟ್ ನಂಬರ್ ಬೀಳದ ಹೊರತು ಚೀಲ ಇಳಿಸಂಗಿಲ್ಲ.
ಡ್ರೈವರ್ ಒಬ್ಬ ಕಿಟಕಿಗೆ ಮುಖ ಹಚ್ಚಿ
ಆಪರೇಶನ್ ಕೋಣಿ ಹೊರಗ ನಿಂತವರಂಗ ನೋಡ್ತಿದ್ದ.

ಪರದೆ ಮ್ಯಾಲೆ ಒಂದೇ ಮಾತು:
ನಿಮಗೆ ಅನುಮತಿ ಇಲ್ಲ, ನಿರ್ವಾಹಕರನ್ನು ಕೇಳಿ.
ನಿರ್ವಾಹಕ ಅಂದ್ರ ನಾನೇ.
ನಾ ಯಾರನ್ನ ಕೇಳಲಿ?

ಮೊದಲು ಅಗಸಿ ನೋಡಿದೆ, ಆಮ್ಯಾಲೆ ತಲಬಾಗಿಲ.
ಹಂಚಿಟ್ಟ ಫೋಲ್ಡರಿಗೆ ಕಾವಲು ಇಬ್ಬರು,
ನೆಟ್‌ವರ್ಕಿನ ಕಡೆ ಒಬ್ಬ, ಡಿಸ್ಕಿನ ಕಡೆ ಒಬ್ಬ.
ಯಾರ ಕೈ ಬಿಗಿಯೋ ಅವನ ಮಾತು ನಡೀತೈತಿ.
ಇಬ್ಬರೂ ಬಾಗಲ ತೆರದು ಕುಂತಿದ್ರು.
ಲೆಕ್ಕದವರ ಗುಂಪಿನಾಗ ಈಕಿ ಹೆಸರೂ ಇತ್ತು.
ಓದೂದು, ಬರಿಯೂದು, ತಿದ್ದೂದು, ಮೂರಕ್ಕೂ ಸರಿ ಗುರುತು.

ಮತ್ತ್ಯಾಕ?

ಮಾಲಕರು ಚಂಬಣ್ಣ ಒಳಗ ಬಂದ್ರು.
"ಎಲ್ಲಾರಿಗೂ ಎಲ್ಲಾ ತೆರದುಬಿಡು ತಮ್ಮಾ, ಲಾರಿ ನಿಂತಾವು."
ಒಂದು ಗುಂಡಿ ಒತ್ತಿದ್ರ ಮುಗೀತು.
ಮಂದಿಯ ಚೀಲ, ತೂಕ, ಬಾಡಿಗಿ, ಫೋನ್ ನಂಬರು
ಎಲ್ಲಾ ಹಾದಿ ಮ್ಯಾಲೆ, ಹರವಿದ ಮೆಣಸಿನಕಾಯಿ ಹಂಗ.
ನಾ ಒತ್ತಲಿಲ್ಲ.
"ಒಂದು ಚಾ ತರಸ್ರಿ," ಅಂದೆ.

ಫೋಲ್ಡರಿನ ಒಡೆಯ ಅಂತ ಇರೋ ಜಾಗದಾಗ
ಹೆಸರಿಲ್ಲ. ಉದ್ದಾನುದ್ದ ಒಂದು ಸಂಖ್ಯೆ.
"ಇದ್ಯಾರು?"
"ದಾವಲಸಾಬ ಮುಲ್ಲಾನವರ ಇರಬೇಕ್ರಿ. ಹಳೇ ಲೆಕ್ಕದವರು.
ಹ್ವಾದ ವರ್ಷ ತೀರಿಕೊಂಡ್ರು."
ಖಾತೆ ಅಳಿಸಿದರ ಹೆಸರು ಹೊಕ್ಕೈತಿ, ನಂಬರ್ ಉಳೀತೈತಿ,
ಅವರು ಹಾಕಿದ ಚಿಲಕ ಸುದ್ದಾ.

ಚಿಲಕ ಸಿಕ್ತು. ಎಲ್ಲಾಕ್ಕಿಂತ ಮ್ಯಾಲಿನ ಸಾಲು:
ದಿನಗೂಲಿ, ಬ್ಯಾಡ.
ಯಾವನೋ ಹುಡುಗ ಒಮ್ಮೆ ಇಡೀ ಸುಗ್ಗಿಯ ಲೆಕ್ಕ ಅಳಿಸಿದ್ನಂತ,
ಅವತ್ತು ಬರದದ್ದು.
ಇದರ ಕಾಯ್ದೆ ಹಂಗ. ನೂರು ಹೂಂ ಇರಲಿ,
ಒಂದು ಬ್ಯಾಡ ಮೊದಲು ಓದತೈತಿ ಮಷಿನ್ನು.

"ನೀವು ದಿನಗೂಲಿ ಏನ್ರಿ?"
ಇಂದುಮತಿ ಪರದೆ ಬಿಟ್ಟು ನನ್ನ ನೋಡಿದ್ಲು.
"ಏಳು ವರ್ಷ ಇದ್ದೆ. ಈ ಯುಗಾದಿಗೆ ಖಾಯಂ ಮಾಡ್ಯಾರ.
ಪೇಢೆ ಹಂಚೀನಿ. ಆರ್ಡರ್ ಕಾಪಿ ಐತಿ, ತೋರಸ್ಲೇನು?"
ಹೊಸ ಗುಂಪಿಗೆ ಸೇರಿಸಿದವರು
ಹಳೇದರಿಂದ ತಗಿಯೂದು ಮರತಿದ್ರು.

ತಗದೆ. ಆದ್ರೂ ತೆರೀವಲ್ತು.
ಲಾರಿ ಹಾರ್ನ್ ಹೊಡೀತು.
"ಲಾಗಾಫ್ ಆಗಿ ಮತ್ತ ಬರ್ರಿ," ಅಂದೆ.
"ಮುಂಜಾನೆ ನೀವು ಒಳಗ ಬಂದಾಗ
ನೀವು ಯಾರು ಅಂತ ಬರಕೊಂಡೈತಿ,
ಸಂಜೀತನಕಾ ಅದನ್ನೇ ನಂಬತೈತಿ ಇದು."
"ಬರೇ ಹೊರಗ ಹೋಗಿ ಬಂದ್ರ ಖಾಯಂ ಆಗತೀನೇನ್ರಿ?"
ನಕ್ಕಳೋ ಸೀನಿದಳೋ ತಿಳೀಲಿಲ್ಲ.

ತೆರೀತು.
ಡಬ್ಬಿ, ನೂರಾ ನಲವತ್ತು ಚೀಲ, ಮೂರನೇ ಕೋಣಿ.
ಬಿರಬಿರನೆ ಹೊಡದ್ಲು, ಕೀಬೋರ್ಡಿನ ಕಡೆ ನೋಡದ.

ಒಡೆಯನ ಜಾಗದಾಗ ಆಫೀಸಿನ ಹೆಸರು ಹಾಕಬೇಕಿತ್ತು, ಹಾಕಿದೆ.
ಹಾಕೂಕಿಂತ ಮೊದಲು ಆ ಸಂಖ್ಯೆ ಒಮ್ಮೆ
ಪೂರಾ ಓದಿದೆ, ಕೇಳೂವಂಗ, ಯಾಕೋ.

ದಿನಗೂಲಿ ಗುಂಪಿನಾಗ ಇನ್ನೂ ಹನ್ನೊಂದು ಹೆಸರು.
ಒಂದು, ಚಾ ತಂದು ಕೊಟ್ಟ ಹುಡುಗಂದು.
ಅವನ್ನ ತಗಿಯಾಕ ನನಗ ಆರ್ಡರ್ ಇಲ್ಲ.
ಬಿಲ್ಲಿಗೆ ಸಹಿ ಮಾಡಿಸಿಕೊಂಡು ಬಸ್ ಹತ್ತಿದೆ.
ಮೋಟೆಬೆನ್ನೂರು ದಾಟಿದ ಮ್ಯಾಲೆ ಕಣ್ಣು ತಿಕ್ಕಿಕೊಂಡೆ.
ತಿಕ್ಕಬಾರದಿತ್ತು.
ಬೆರಳಿಗೆ ಇನ್ನೂ ಆ ಕೀಬೋರ್ಡಿನ ಧೂಳಿತ್ತು.